ಮುಟ್ಟದೆ ಬಿಟ್ಟ ತಟ್ಟೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನೀಗ ಬರೆಯಹೊರಟಿರುವ ಸಂಗತಿಯಲ್ಲಿ ಮೊದಲು ಬಂದದ್ದು ಸಿಟ್ಟು, ಬುದ್ಧಿ ಬಂದದ್ದು ಆಮೇಲೆ. ಹೊಸೂರು ರಸ್ತೆಯಿಂದ ಒಳಗೆ, ಎಲೆಕ್ಟ್ರಾನಿಕ್ ಸಿಟಿಗಿಂತ ಸ್ವಲ್ಪ ಆಚೆಗಿರುವ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಪಾಠದ ಜೊತೆಗೆ ಪ್ರತಿಯೊಬ್ಬರಿಗೂ ಒಂದು ಹೆಚ್ಚುವರಿ ಕೆಲಸ ಅಂಟಿಸುವುದು ನಮ್ಮಲ್ಲಿನ ಪದ್ಧತಿ. ಒಬ್ಬರಿಗೆ ಕ್ರೀಡೆ, ಒಬ್ಬರಿಗೆ ಕ್ಯಾಂಟೀನು, ನನಗೆ ವಿದೇಶಿ ವಿದ್ಯಾರ್ಥಿಗಳು. ಯಾಕೆ ನನಗೇ ಎಂದು ಕೇಳಿದ್ದಕ್ಕೆ ಆಗಿನ ಪ್ರಿನ್ಸಿಪಾಲರು, "ನೀವು ಗಟ್ಟಿಯಾಗಿ ಮಾತಾಡ್ತೀರಲ್ಲ ಮೇಡಂ, ಅವರಿಗೆ ಅರ್ಥ ಆಗುತ್ತೆ" ಎಂದಿದ್ದರು.

ಬೈಗುಳವೋ ಹೊಗಳಿಕೆಯೋ ತಿಳಿಯದೆ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಅರ್ಧಂಬರ್ಧ ಮಾಡುವವಳು ನಾನಲ್ಲ. ಹೊರದೇಶದಿಂದ ಹೊಸದಾಗಿ ಬಂದವರನ್ನು ಪ್ರತಿ ವರ್ಷ ಒಂದು ಕೋಣೆಯಲ್ಲಿ ಕೂರಿಸಿ ಎರಡು ಗಂಟೆ ಉಪನ್ಯಾಸ ಕೊಡುತ್ತಿದ್ದೆ. ಒಟ್ಟು ಮೂವತ್ತೆಂಟು ಸ್ಲೈಡು. ಯಾರಿಗೂ ಎಡಗೈಯಲ್ಲಿ ಏನೂ ಕೊಡಬೇಡಿ. ಪುಸ್ತಕಕ್ಕೆ ಕಾಲು ತಾಗಿದರೆ ಇಲ್ಲಿಯವರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ನಗಬೇಡಿ. ಆಯುಧಪೂಜೆ ಕಳೆದ ಮೇಲೆ ವರ್ಕ್‌ಶಾಪಿನ ಲೇತ್ ಯಂತ್ರದ ಮೇಲೆ ಕುಂಕುಮ ಇರುತ್ತದೆ, ಕೊಳೆ ಅಂದುಕೊಂಡು ಒರೆಸಬೇಡಿ. ಮಾಂಸ ತಿನ್ನದವರು ಬಹಳ ಮಂದಿ, ಬಡಿಸುವ ಮುಂಚೆ ಕೇಳಿಕೊಳ್ಳಿ. ಹೀಗೆ ಸಾಗುತ್ತಿತ್ತು. ಉಪನ್ಯಾಸ ಚೆನ್ನಾಗಿದೆ ಎಂದು ವೈಟ್‌ಫೀಲ್ಡ್ ಕಡೆಯ ಒಂದು ಕಾಲೇಜಿನವರೂ ಕರೆಸಿ, ಶಾಲು ಹೊದಿಸಿ ಕಳಿಸಿದ್ದರು. ಬೇರೆ ಸಂಸ್ಕೃತಿಯವರ ಜೊತೆ ಹೇಗಿರಬೇಕು ಎಂಬುದರಲ್ಲಿ ನಾನು ಪಳಗಿದವಳು ಎಂದು ಊರು ಹೇಳಿತು, ನಾನೂ ನಂಬಿದೆ.

ಹುಡುಗ ತಾಂಜಾನಿಯಾದವನು. ಕಡಲತೀರದ ಒಂದು ಊರು. ಮೆಕ್ಯಾನಿಕಲ್ ಓದಲು ಬಂದಿದ್ದ. ಸೇರಿದ ದಿನವೇ ಫೋನು ನನ್ನ ಮುಖದ ಮುಂದೆ ಹಿಡಿದು, "ಅಮ್ಮ ನಿಮ್ಮನ್ನು ನೋಡಬೇಕಂತೆ ಮೇಡಂ" ಎಂದ. ತೆರೆಯ ಮೇಲೆ ದಪ್ಪ ಕನ್ನಡಕದ ಹೆಂಗಸು. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆಕೆ ಹೇಳಿದ್ದನ್ನು ಮಗನೇ ನಾಚಿಕೊಂಡು ಅನುವಾದ ಮಾಡಿದ. "ಇವನಪ್ಪ ಇಲ್ಲ. ಇವನು ಹಟಮಾರಿ. ನಾನು ಅಲ್ಲಿಲ್ಲ. ಇನ್ನು ಇವನನ್ನು ಬೈಯುವ ಹಕ್ಕು ನಿಮಗೆ." ನಾನು ಆಗಲಿ ಎಂದು ಜೋರಾಗಿ ತಲೆಯಾಡಿಸಿದೆ. ಆಮೇಲಿನ ಎರಡೂವರೆ ವರ್ಷ ಆ ಹಕ್ಕನ್ನು ಧಾರಾಳವಾಗಿ ಬಳಸಿದೆ. ಇಂಟಿಗ್ರಲ್ ತಪ್ಪಿದರೂ ಬೈದೆ, ಚಳಿಗಾಲದಲ್ಲಿ ಸ್ವೆಟರ್ ಹಾಕದಿದ್ದರೂ ಬೈದೆ. ಅವನು ನಗುತ್ತಾ, "ಅಮ್ಮನಿಗೆ ವರದಿ ಕೊಡುತ್ತೇನೆ" ಅನ್ನುತ್ತಿದ್ದ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ವರ್ಷದ ನಡುವೆ ಆ ತಾಯಿ ತೀರಿಕೊಂಡರು. ಜ್ವರ ಅಂತ ಮಲಗಿದವರು ಏಳಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಮಣ್ಣು ಮಾಡಿದರು. ಇವನು ಯಾವ ವಿಮಾನ ಹತ್ತಿದ್ದರೂ ಮುಖ ನೋಡಲು ಆಗುತ್ತಿರಲಿಲ್ಲ. ಹಾಗಾಗಿ ಸಿಂಗಸಂದ್ರದ ಬಾಡಿಗೆ ಮನೆಯಲ್ಲೇ ತಮ್ಮ ಕಡೆಯ ಹುಡುಗರನ್ನೆಲ್ಲ ಸೇರಿಸಿಕೊಂಡು ತಾಯಿಯ ಶೋಕಕ್ಕೆ ಕೂರುತ್ತೇನೆ ಎಂದು ನನಗೆ ಸಂದೇಶ ಕಳಿಸಿದ. ಕೊನೆಯಲ್ಲಿ, "ನೀವು ಬರಲೇಬೇಕು ಮೇಡಂ" ಎಂದಿತ್ತು. ಹೋಗದೆ ಇರುತ್ತೇನೆಯೇ?

ಹೋದೆ. ಸಿಂಗಸಂದ್ರದ ಹಳೇ ಊರಿನ ಬೀದಿ ಅದು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಕಡೆ ಈಗ ಮೂರಂತಸ್ತಿನ ಮನೆಗಳು, ಹೊಲದ ಯಜಮಾನರೇ ಮನೆ ಓನರುಗಳು. ಕೆಳಗೆ ಓನರಜ್ಜಿ, ಎರಡನೇ ಮಹಡಿಯಲ್ಲಿ ಇವನು ಮತ್ತು ಇವನ ಇಬ್ಬರು ಸ್ನೇಹಿತರು. ಹಾಲಿನಲ್ಲಿ ಚಾಪೆ ಹಾಸಿ ಇಪ್ಪತ್ತು ಹುಡುಗರು ಕೂತಿದ್ದರು. ತಾಯಿಯ ಫೋಟೋ ಒಂದು ಸ್ಟೂಲಿನ ಮೇಲೆ. ನನಗೊಬ್ಬಳಿಗೆ ಮಾತ್ರ ಕುರ್ಚಿ. ಕೂತೆ, ತಲೆ ತಗ್ಗಿಸಿದೆ, ಬಾಯಿ ಬಿಡಲಿಲ್ಲ. ಸಾವಿನ ಮನೆಯಲ್ಲಿ ಹೆಚ್ಚು ಮಾತಾಡುವುದು ನಮ್ಮಲ್ಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಒಂದು ತಟ್ಟೆ ತಂದು ನನ್ನ ಮುಂದೆ ಹಿಡಿದ. ಅನ್ನ, ಮೇಲೆ ಏನೋ ಕಾಳಿನ ಸಾರು. ನಾನು ಕೈ ಅಡ್ಡ ಹಿಡಿದೆ. ಅವನು ಅರ್ಥವಾಗದೆ ಮತ್ತೆ ನೀಡಿದ. ನಾನು ಮತ್ತೆ ಕೈ ಅಡ್ಡ ಹಿಡಿದೆ. ಅವನು ತಟ್ಟೆಯನ್ನು ನನ್ನ ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟ. ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಪಾಪ, ದುಃಖದಲ್ಲಿದ್ದಾರೆ ಎಂದುಕೊಂಡೆ.

ಆಮೇಲೆ ಎದ್ದೆ. ನಮ್ಮ ಹುಡುಗ ಆಗ ಹಾಲಿನಲ್ಲಿರಲಿಲ್ಲ, ಒಳಗೆಲ್ಲೋ ಹೋಗಿದ್ದ. ಅದೂ ಒಳ್ಳೆಯದೇ ಆಯಿತು ಎಂದುಕೊಂಡು ಚಪ್ಪಲಿ ಮೆಟ್ಟಿ, ಯಾರಿಗೂ ಒಂದು ಮಾತೂ ಹೇಳದೆ, ತಿರುಗಿಯೂ ನೋಡದೆ ಮೆಟ್ಟಿಲಿಳಿದು ಬಂದೆ. ಸಾವಿನ ಮನೆಯಿಂದ ಹೊರಡುವಾಗ ಹೇಳಿ ಹೊರಡಬಾರದು, ಅದನ್ನು ಯಾರಾದರೂ ಕಲಿಸಿಕೊಡಬೇಕೇ? ಮನೆಗೆ ಬಂದಾಗ ಅಮ್ಮ ಗೀಸರ್ ಹಾಕಿಟ್ಟಿದ್ದಳು. ಯಾವುದನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ದೂರದೇಶದ ಹುಡುಗನ ಕಷ್ಟಕ್ಕೆ ಹೋಗಿ ನಿಂತೆ, ಎಲ್ಲವನ್ನೂ ಕ್ರಮವಾಗಿ ಮಾಡಿದೆ ಎಂದು ನನಗೆ ಸಮಾಧಾನವೂ ಆಗಿತ್ತು.

ಆವತ್ತಿನಿಂದ ಅವನು ಕಾಲೇಜಿಗೆ ಬರಲಿಲ್ಲ.

ಮೊದಲ ವಾರ ದುಃಖ ಅಂದುಕೊಂಡೆ. ಎರಡನೇ ವಾರ, "ಆದಾಗ ಬಾ, ಅವಸರವಿಲ್ಲ" ಎಂದು ಸಂದೇಶ ಕಳಿಸಿದೆ. ನೋಡಿದ, ಉತ್ತರ ಕೊಡಲಿಲ್ಲ. ಮೂರನೇ ವಾರ ಫೋನು ಮಾಡಿದೆ. ಎತ್ತಲಿಲ್ಲ. ಐದು ವಾರ ಕಳೆಯುವ ಹೊತ್ತಿಗೆ ಕಾಲೇಜಿನಲ್ಲಿ ಹಾಜರಿಯ ಪಟ್ಟಿ ಹಾಕಿದರು. ಹಾಜರಿ ಕಮ್ಮಿಯಾದವರ ಸಾಲಿನಲ್ಲಿ ಇವನ ಹೆಸರು ಎಲ್ಲರಿಗಿಂತ ಮೇಲೆ. ಹಾಜರಿಯಿಲ್ಲದವನಿಗೆ ಪರೀಕ್ಷೆಯಿಲ್ಲ. ಪರೀಕ್ಷೆ ಬರೆಯದೆ ಒಂದು ವರ್ಷ ಹಿಂದೆ ಬಿದ್ದರೆ ಅವನ ದೇಶದವರು ಕೊಡುತ್ತಿದ್ದ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ನಿಂತರೆ ಹುಡುಗ ಪದವಿಯಿಲ್ಲದೆ ಊರಿಗೆ ವಾಪಸು, ಅಲ್ಲಿ ಕಾಯಲು ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಉಳಿದಿದ್ದ ದಾರಿ ಒಂದೇ. ಸಾವು ನೋವಿನಂಥ ಕಾರಣವಿದ್ದರೆ ವಿದ್ಯಾರ್ಥಿಯೇ ಒಂದು ಅರ್ಜಿ ಬರೆದು, ನನ್ನಂಥವರೊಬ್ಬರ ಶಿಫಾರಸು ಹಾಕಿಸಿ ಕೊಟ್ಟರೆ ಹಾಜರಿ ಮನ್ನಾ ಮಾಡುತ್ತಾರೆ. ಅರ್ಜಿಗೆ ಕೊನೆಯ ದಿನ ಬರುವ ಸೋಮವಾರ.

ಅದನ್ನೂ ಬರೆದು ಕಳಿಸಿದೆ. ನೋಡಿದ. ಉತ್ತರವಿಲ್ಲ.

ನನಗೆ ರೇಗಿತು. ನಾನು ಹೊತ್ತು ಹೆತ್ತವಳೇ? ಇಷ್ಟು ಮಾಡಿದ್ದಕ್ಕೆ ಒಂದು ಮಾತಿಲ್ಲ, ಕತೆಯಿಲ್ಲ, ಎಂಥ ಸೊಕ್ಕು ಇವನಿಗೆ ಎಂದು ಸ್ಟಾಫ್ ರೂಮಿನಲ್ಲಿ ಕೂತು ಬೆಳಿಗ್ಗೆಯೆಲ್ಲ ಉರಿದೆ. ಮಧ್ಯಾಹ್ನ ಅವನ ವಿಭಾಗದ ಮುಖ್ಯಸ್ಥರು, "ಬಿಡಿ ಮೇಡಂ, ಈ ಹೊರಗಿನವ್ರದ್ದೆಲ್ಲ ಇಷ್ಟೇ. ಅವ್ನಿಗೇ ಬೇಡ ಅಂದ್ರೆ ನಮಗ್ಯಾಕೆ" ಎಂದರು. ಬೆಳಿಗ್ಗೆಯಿಂದ ನಾನೇ ಆಡಿದ್ದ ಮಾತು ಅದು. ಅವರ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿದುಹೋಯಿತು. "ನಿಮಗ್ಯಾಕೆ ಅಂದ್ರೆ ಅವ್ನು ನಿಮ್ಮ ವಿಭಾಗದ ಹುಡುಗ, ಅದಕ್ಕೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ, ಅರ್ಜಿಯ ಖಾಲಿ ನಮೂನೆ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ. ಅಂದು ಗುರುವಾರ.

ಓನರಜ್ಜಿ ಗೇಟಿನ ಒಳಗೆ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದರು.

"ಯಾರ್ ಬೇಕಿತ್ತವ್ವಾ?"

"ಮೇಲಿನ ಮನೆ ಹುಡುಗ. ನಾನು ಅವನ ಕಾಲೇಜಿನ ಮೇಡಂ."

ಅಜ್ಜಿ ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಓ, ನೀವೇಯಾ? ಅವತ್ತು ತಟ್ಟೆ ಮುಟ್ದೆ ಎದ್ದೋದೋರು?"

ನನಗೆ ಎಂದಿನ ಸಿಟ್ಟು ಬಂತು. "ಸಾವಿನ ಮನೇಲಿ ಯಾರಾದ್ರೂ ಊಟ ಮಾಡ್ತಾರಾ ಅಜ್ಜಿ? ನೀವು ಮಾಡ್ತೀರಾ?"

"ನಮ್ಮಲ್ಲೂ ಮಾಡಾಕಿಲ್ಲ ಕಣಮ್ಮ. ಒಲೇನೇ ಅಚ್ಚಾಕಿಲ್ಲ. ಅವತ್ತು ಮೇಲಿಂದ ಅಡ್ಗೆ ಗಮ್ಲು ಬಂತು. ಇದೇನಪ್ಪ, ತಾಯಿ ಸತ್ತವ್ಳೆ, ಇವ್ರು ಅಬ್ಬ ಮಾಡ್ತವ್ರಲ್ಲ ಅಂತ ನಂಗೂ ಒಟ್ಟೆ ಉರೀತು. ಮಂಡಿ ನೋವಲ್ಲೂ ಮೆಟ್ಲತ್ತಿ ಓಗಿ ಕೇಳ್ದೆ. ಯಾಕ್ಲಾ ಇಂಗ್ ಮಾಡ್ತಿದೀರಿ, ನಿಮ್ ಕಡೆ ಎಂಗೆ ಅಂತ. ಅವ್ನು ಬರೋ ಅರೆಬರೆ ಕನ್ನಡ್ದಾಗೇ ಎಲ್ಲಾ ಯೋಳ್ದ. ಅಂಗಂದ್ಮ್ಯಾಕೆ ನಮ್ ಮನೆ ದೊಡ್ಡ ಪಾತ್ರೇನೇ ಕೊಟ್ಟೆ."

"ಏನು ಹೇಳಿದ?"

"ಬಂದೋರೆಲ್ಲ ಒಟ್ಗೆ ಕುಂತು ಉಣ್ಬೇಕಂತೆ. ಸತ್ತೋರ್ ಎಸ್ರಲ್ಲಿ ಆಕೋ ಅನ್ನ ಅದು. ಮೊದ್ಲು ದೊಡ್ಡೋರು ಒಂದ್ ತುತ್ತು ತಿನ್ಬೇಕಂತೆ, ಆಮ್ಯಾಕೆ ಮಿಕ್ಕೋರು. ಅವ್ರವ್ವ ಮಗನ್ನ ಒಪ್ಸಿದ್ದು ನಿಮ್ಗಂತೆ, ಅದ್ಕೆ ಅವ್ನಿಗ್ ಇಲ್ಲಿ ದೊಡ್ಡೋರು ನೀವೇ ಅಂತೆ. ನೀವ್ ನೋಡಿದ್ರೆ ಮಾತಿಲ್ದೆ ಎದ್ದೋದ್ರಿ. ಇಪ್ಪತ್ ಐಕ್ಳು ತಟ್ಟೆ ಮುಂದಿಟ್ಕೊಂಡು ಕುಂತೇ ಇದ್ರು. ನಾನ್ ತಿಂತೀನಿ ಬನ್ರೋ ಅಂದೆ. ಇಲ್ಲ ಅಜ್ಜಿ, ಅಮ್ಮ ಒಪ್ಸಿದ್ದು ಅವ್ರಿಗೆ ಅಂದ. ಕೊನೆಗೆ ಅಷ್ಟು ಅನ್ನಾನೂ ನಮ್ ದನಕ್ಕೆ ಸುರುದ್ವಿ ಕಣಮ್ಮ."

ಮೊದಲು ಬಂದದ್ದು ನಾಚಿಕೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಯಾರಾದರೂ ನನಗೆ ಒಂದು ಮಾತು ಹೇಳಬಾರದಿತ್ತೇ ಎಂಬ ಕೋಪ ಬಂತು. ನಾನು ಒಂದು ಮಾತು ಕೇಳಬಾರದಿತ್ತೇ ಎಂಬುದು ಹೊಳೆದದ್ದು ಮೇಲಿನ ಮೆಟ್ಟಿಲು ಹತ್ತುವಾಗ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಮಂಡಿನೋವಿನಲ್ಲೂ ಎದ್ದು ಹೋಗಿ ಕೇಳಿದ್ದರು. ಶಾಲು ಹೊದಿಸಿಕೊಂಡಿದ್ದ ನನಗೆ ಕೇಳಬೇಕು ಅನಿಸಿರಲೇ ಇಲ್ಲ.

ಅವನು ಬಾಗಿಲು ತೆರೆದ. ಸೊರಗಿಹೋಗಿದ್ದ. ಒಂದೂ ಒರಟು ಮಾತಾಡಲಿಲ್ಲ, ಅದೇ ಕುರ್ಚಿ ತಂದಿಟ್ಟ, ತಾನು ನಿಂತೇ ಇದ್ದ. ನಾನು ಅರ್ಜಿ ತೆಗೆಯಲಿಲ್ಲ. "ಅವತ್ತು ಏನಾಯಿತು, ನೀನೇ ಹೇಳು" ಎಂದೆ.

"ನಾನು ಒಳಗೆ ನೀರು ತರಲು ಹೋಗಿದ್ದೆ ಮೇಡಂ. ಊಟಕ್ಕೆ ಮುಂಚೆ ಹಿರಿಯರ ಕೈಗೆ ನಾವೇ ನೀರು ಹಾಕಿ ತೊಳೆಸುತ್ತೇವೆ. ಜಗ್ಗು, ಬೇಸಿನ್ನು, ಟವೆಲ್ಲು ಹಿಡಿದುಕೊಂಡು ಹೊರಗೆ ಬಂದರೆ ನಿಮ್ಮ ಕುರ್ಚಿ ಖಾಲಿ." ಅವನು ಗೋಡೆ ನೋಡಿಕೊಂಡು ಮಾತಾಡುತ್ತಿದ್ದ. "ಅಡುಗೆಗೆ ಮುಂಚೆ ನಿಮ್ಮ ಸ್ಲೈಡುಗಳನ್ನು ತೆಗೆದು ನೋಡಿಕೊಂಡೆವು. ಮಾಂಸ ತಿನ್ನದವರದ್ದು ಹದಿನೇಳನೆಯದು. ನಿಮಗೆಂದು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ, ತೆಂಗಿನ ಹಾಲು ಹಾಕಿ ಕಾಳು ಬೇಯಿಸಿದೆವು. ಊರಿನಿಂದ ನನ್ನ ಅಜ್ಜಿ ಫೋನಿನಲ್ಲಿ ಕೇಳಿದಳು, ಅಲ್ಲಿ ಯಾರು ಮೊದಲು ತಿಂದರು ಅಂತ. ನೀವು ತಿಂದಿರಿ ಎಂದು ಸುಳ್ಳು ಹೇಳಿದೆ. ಆ ಸುಳ್ಳು ಹೇಳಿ ಕಾಲೇಜಿಗೆ ಬಂದು ನಿಮ್ಮ ಮುಖ ಹೇಗೆ ನೋಡಲಿ?"

ನನಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಅತ್ತುಕೊಂಡೇ ನನ್ನ ಕಡೆಯದನ್ನು ಹೇಳಿದೆ. ಜಾಲಹಳ್ಳಿಯಲ್ಲಿ ಅಪ್ಪನ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ನಾನು ಬೆಳೆದದ್ದು. ಒಂಬತ್ತು ವರ್ಷದವಳಿದ್ದಾಗ ಪಕ್ಕದ ಮನೆಯವರೊಬ್ಬರು ತೀರಿಕೊಂಡರು. ಆ ಮನೆಯಲ್ಲಿ ಯಾರೋ ಕೈಗಿಟ್ಟ ಬಿಸ್ಕತ್ತು ತಿಂದುಕೊಂಡು ಹೊರಗೆ ಬಂದೆ. ಅಮ್ಮ ನೋಡಿದ್ದೇ ತಡ, ದರದರ ಎಳೆದುಕೊಂಡು ಹೋಗಿ ಹಿತ್ತಲಿನ ನಲ್ಲಿಯ ಕೆಳಗೆ ಫ್ರಾಕಿನ ಸಮೇತ ನಿಲ್ಲಿಸಿದಳು. ಡಿಸೆಂಬರ್ ತಿಂಗಳ ನೀರು. ಸಾವಿನ ಮನೆಯಲ್ಲಿ ತಿಂದರೆ, ಹೋಗಿಬರ್ತೀನಿ ಎಂದರೆ, ಸಾವು ನಮ್ಮ ಮನೆಗೂ ದಾರಿ ಹಿಡಿಯುತ್ತದೆ ಎಂದಳು. ಆವತ್ತಿನಿಂದ ಇವತ್ತಿನವರೆಗೆ ಸಾವಾದ ಮನೆಯಲ್ಲಿ ಒಂದು ಲೋಟ ನೀರನ್ನೂ ನಾನು ಕುಡಿದಿಲ್ಲ.

"ಫ್ರಾಕಿನ ಸಮೇತವಾ?" ಎಂದ.

"ಸಮೇತ."

ಅವನ ಮುಖದಲ್ಲಿ ನಗು ಬಂದು ಹೋಯಿತು. ಆಮೇಲೆ ಕೇಳಿದ, "ನಿಮ್ಮ ಮೂವತ್ತೆಂಟು ಸ್ಲೈಡಿನಲ್ಲಿ ಇದು ಯಾಕಿರಲಿಲ್ಲ ಮೇಡಂ?"

"ಇದು ನಮ್ಮ ಸಂಪ್ರದಾಯ ಅಂತ ನನಗೇ ಗೊತ್ತಿರಲಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಎಡಗೈ, ಕುಂಕುಮ, ಪುಸ್ತಕಕ್ಕೆ ತಾಗಿದ ಕಾಲು, ಇವೆಲ್ಲ ನಮ್ಮಲ್ಲಿ ಮಾತ್ರ ಹೀಗೆ ಎಂದು ನನಗೆ ತಿಳಿದಿತ್ತು. ಸಾವಿನ ಮನೆಯಲ್ಲಿ ಉಣ್ಣದಿರುವುದು ಲೋಕದಲ್ಲಿ ಎಲ್ಲರೂ ಮಾಡುವುದು ಎಂದುಕೊಂಡಿದ್ದೆ. ದೀಪದ ಬುಡದಲ್ಲೇ ಕತ್ತಲು. "ತಪ್ಪಾಯ್ತು ಕಣೋ" ಎಂದೆ, ಕನ್ನಡದಲ್ಲೇ. ಅಷ್ಟು ಕನ್ನಡ ಅವನಿಗೆ ಬರುತ್ತಿತ್ತು. ಅವನು ತಲೆಯಾಡಿಸಿ ಕೆಳಗೆ ಚಾಪೆಯ ಮೇಲೆ ಕೂತ.

ಈಗ ನನ್ನ ಉಪನ್ಯಾಸ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಹೊಸದಾಗಿ ಬಂದವರು ತಮ್ಮ ಮನೆಗಳಲ್ಲಿ ಮಗು ಹುಟ್ಟಿದಾಗ, ಜ್ವರ ಬಂದಾಗ, ಯಾರಾದರೂ ಸತ್ತಾಗ ಏನೇನು ಮಾಡುತ್ತಾರೆ ಎಂದು ಹೇಳುತ್ತಾರೆ. ಇಲ್ಲಿಯ ನಾಲ್ಕು ಮಂದಿ ಉಪನ್ಯಾಸಕರನ್ನೂ ಬಲವಂತವಾಗಿ ಎಳೆತಂದು ಕೂರಿಸಿರುತ್ತೇನೆ, ಅವರೂ ಹೇಳಬೇಕು. ಎರಡು ಗಂಟೆ ಸಾಲುವುದಿಲ್ಲ. ವೈಟ್‌ಫೀಲ್ಡಿನವರು ಆಮೇಲೆ ಕರೆದಿಲ್ಲ.

ಆ ಗುರುವಾರ ಅವನು ಚಾಪೆಯ ಮೇಲೆ ಕೂತ ಮೇಲೆ, ಕೊನೆಗೆ ಅರ್ಜಿಯನ್ನು ತೆಗೆದು ಅವನ ಮುಂದಿಟ್ಟೆ. ಸೋಮವಾರ ಕೊನೆಯ ದಿನ, ಕಾರಣ ಎಂದಿರುವಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರೆ ಉಳಿದದ್ದು ನನ್ನದು ಎಂದೆ. ಅವನು ಕಾಗದ ಮುಟ್ಟಲಿಲ್ಲ. "ಅಮ್ಮನ ಊಟ ಮುಗಿದಿಲ್ಲ ಮೇಡಂ. ಅದು ಹಾಗೇ ಅರ್ಧಕ್ಕೆ ನಿಂತಿದೆ. ಅದಕ್ಕೆ ಮುಂಚೆ ಅವಳು ಸತ್ತಳು ಎಂದು ನಾನು ಕಾಲೇಜಿನ ಕಾಗದದಲ್ಲಿ ಹೇಗೆ ಬರೆಯಲಿ?" ಎಂದ. ಭಾನುವಾರ ತಾಯಿ ತೀರಿಕೊಂಡ ನಲವತ್ತನೆಯ ದಿನ, ಅಂದು ಮತ್ತೆ ಅಡುಗೆ ಮಾಡುತ್ತಾರೆ, ಎಲ್ಲ ಹುಡುಗರೂ ಮತ್ತೆ ಬರುತ್ತಾರೆ ಎಂದ. ನಾನು ಬಾಯಿ ತೆರೆಯುವ ಮುಂಚೆಯೇ, "ನಿಮಗೆ ಭಯವಾಗುವುದಾದರೆ ಬೇಡ. ನಿಮ್ಮ ಅಮ್ಮನಿಗೂ ವಯಸ್ಸಾಗಿದೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ" ಎಂದೂ ಸೇರಿಸಿದ. ಬೇಜಾರು ಮಾಡಿಕೊಳ್ಳುವುದಿಲ್ಲ ಎಂದ, ನಿಜ. ಅರ್ಜಿ ಬರೆಯುತ್ತೇನೆ ಎನ್ನಲಿಲ್ಲ.

ಶುಕ್ರವಾರ, ಶನಿವಾರ ಒಳಗೊಳಗೇ ಕುದಿದೆ. ನಾನು ಗಣಿತದವಳು, ಇಪ್ಪತ್ತನೇ ವಯಸ್ಸಿನಿಂದ ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಹೇಳಿಕೊಂಡು ಬಂದವಳು. ಆದರೂ ಅಮ್ಮನಿಗೆ ಎಂಬತ್ತು ದಾಟಿದೆ, ರಾತ್ರಿ ಕೆಮ್ಮಿದರೆ ನನಗೆ ನಿದ್ದೆ ಬರುವುದಿಲ್ಲ. ನಾನು ಹೋಗಿ ಉಂಡುಬಂದು, ನಾಳೆ ಇವಳಿಗೆ ಏನಾದರೂ ಹೆಚ್ಚುಕಮ್ಮಿಯಾದರೆ? ಆಗ ಬೇಡವೆಂದರೂ ಮನಸ್ಸು ಆ ತಟ್ಟೆಯ ಕಡೆಗೇ ಬೆರಳು ತೋರಿಸುತ್ತದೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಶನಿವಾರ ಸಂಜೆ ಅಮ್ಮನ ಹತ್ತಿರವೇ ಹೇಳಿದೆ. ಕುರುಕ್ಷೇತ್ರಕ್ಕೆ ಸಿದ್ಧಳಾಗಿಯೇ ಕೂತಿದ್ದೆ.

ಅಮ್ಮ ಬತ್ತಿ ಹೊಸೆಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. "ಆ ಮಗು ನಲವತ್ತು ದಿನದಿಂದ ಕಾಯ್ತಾ ಕೂತಿದೆಯೇನೆ?" ಎಂದಳು.

"ಹೂಂ."

"ಹೋಗಿ ತಿಂದ್ಬಾ. ಬಂದ್ಮೇಲೆ ಸ್ನಾನ ಮಾಡಿದ್ರಾಯ್ತು. ನೀರು ಇರೋದ್ಯಾಕೆ ಮತ್ತೆ?"

"ನಿನಗೇನಾದ್ರೂ ಆದ್ರೆ ಅಂತ..."

"ನನಗೆ ಎಂಬತ್ಮೂರು ಕಣೇ. ನಾನು ಸತ್ರೆ ವಯಸ್ಸಾಗಿ ಸಾಯ್ತೀನಿ. ನಿನ್ನ ಊಟದ ಮೇಲೆ ಯಾಕೆ ಹಾಕ್ತೀಯಾ?" ಎಂದು ಮತ್ತೊಂದು ಬತ್ತಿ ಹೊಸೆಯಲು ತೊಡಗಿದಳು. ಹಾಗಾದರೆ ಡಿಸೆಂಬರಿನ ನಲ್ಲಿಯ ಕೆಳಗೆ ನನ್ನನ್ನು ಯಾಕೆ ನಿಲ್ಲಿಸಿದೆ ಎಂದು ಕೇಳಬೇಕೆನಿಸಿತು. ಕೇಳಿದರೆ ಅವಳಿಗೆ ಅದು ನೆನಪೇ ಇರುವುದಿಲ್ಲವೇನೋ ಎಂದು ನಾನೂ ಹತ್ತಿ ತೆಗೆದುಕೊಂಡು ಬತ್ತಿ ಹೊಸೆಯತೊಡಗಿದೆ.

ಭಾನುವಾರ ಮಧ್ಯಾಹ್ನ ಹೋದೆ. ಅದೇ ಚಾಪೆ, ಅದೇ ಇಪ್ಪತ್ತು ಹುಡುಗರು, ಜೊತೆಗೆ ಈ ಸಲ ಓನರಜ್ಜಿಯೂ ಗೋಡೆಗೊರಗಿ ಕೂತಿದ್ದರು. ನನಗೆ ಕುರ್ಚಿ ತಂದರು, ನಾನು ಬೇಡವೆಂದು ಅಜ್ಜಿಯ ಪಕ್ಕ ಚಾಪೆಯ ಮೇಲೆ ಕೂತೆ. ಅವನು ಜಗ್ಗಿನಿಂದ ನನ್ನ ಕೈಗೆ ನೀರು ಹಾಕಿದ, ಬೆಚ್ಚಗಿನ ನೀರು. ಟವೆಲು ಕೊಟ್ಟ. ತಟ್ಟೆ ತಂದಿಟ್ಟ. ಅನ್ನ, ತೆಂಗಿನ ಹಾಲಿನ ಕಾಳು. ಉಳಿದವರ ಮುಂದೆಯೂ ತಟ್ಟೆಗಳು ಬಂದವು.

ಕೈ ಏಳಲಿಲ್ಲ. ಏಳಲಿಲ್ಲ ಎಂದರೆ ಏಳಲೇ ಇಲ್ಲ. ಬೆರಳುಗಳು ಅನ್ನದ ಹತ್ತಿರ ಹೋಗಿ ನಿಂತುಬಿಟ್ಟವು. ಐವತ್ತು ದಾಟಿದ, ಮೂರು ಸಾವಿರ ಮಕ್ಕಳಿಗೆ ಪಾಠ ಹೇಳಿರಬಹುದಾದ ಹೆಂಗಸು ಅನ್ನದ ತಟ್ಟೆಯ ಮುಂದೆ ಕೈ ಚಾಚಿಕೊಂಡು ಕೂತಿದ್ದೆ. ಅವನಿಗೆ ಕಂಡಿರಬೇಕು. "ಪರವಾಗಿಲ್ಲ ಮೇಡಂ" ಎಂದ ಮೆಲ್ಲಗೆ.

ಅಜ್ಜಿ ನನ್ನ ಮೊಣಕೈಗೆ ತಿವಿದರು. "ಉಣ್ಣಿ ತಾಯಿ. ಮಕ್ಳು ಅಸ್ಕೊಂಡವೆ."

ಹಸಿದಿದ್ದಾರೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹೆಂಗಸಿನ ಕೈ ಎಷ್ಟು ಹೊತ್ತು ಸುಮ್ಮನಿದ್ದೀತು? ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡೆ. ಉಪ್ಪು ಸ್ವಲ್ಪ ಕಮ್ಮಿ, ಕಾಳು ಚೆನ್ನಾಗಿ ಬೆಂದಿತ್ತು. ಎರಡನೇ ತುತ್ತು ತಿಂದೆ. ತಲೆ ಎತ್ತಿದಾಗ ಕಿಟಕಿಯ ಕಟ್ಟೆಯ ಮೇಲೆ ಒಂದು ಫೋನು ಒರಗಿಸಿಟ್ಟಿದ್ದು ಕಂಡಿತು. ತೆರೆಯಲ್ಲಿ ಒಂದು ಅಂಗಳ, ಮರದ ನೆರಳು, ಚಾಪೆಯ ಮೇಲೆ ಹೆಂಗಸರು, ಮಕ್ಕಳು. ಎಲ್ಲರ ಮುಂದೆಯೂ ತಟ್ಟೆ. ಒಬ್ಬರೂ ತಿನ್ನುತ್ತಿರಲಿಲ್ಲ, ಎಲ್ಲರೂ ಈ ಕಡೆ ನೋಡುತ್ತಿದ್ದರು. ಮುಂದೆ ಕೂತಿದ್ದ ಬಹಳ ವಯಸ್ಸಾದ ಮುದುಕಿ, ಅವನ ಅಜ್ಜಿಯೇ ಇರಬೇಕು, ಏನೋ ಕೇಳಿದಳು. ಹುಡುಗ ನನ್ನ ಕಡೆ ತೋರಿಸಿ ಒಂದು ಮಾತು ಹೇಳಿದ. ಮುದುಕಿ ತನ್ನ ತಟ್ಟೆಗೆ ಕೈಹಾಕಿದಳು. ಅವಳ ಹಿಂದೆ ಅಂಗಳದಲ್ಲಿದ್ದ ಎಲ್ಲರೂ ಕೈಹಾಕಿದರು. ಅಷ್ಟು ದೂರದಲ್ಲಿ, ಸಮುದ್ರದಾಚೆ, ನಾನು ಉಣ್ಣಲೆಂದು ಅವರು ಕಾದು ಕೂತಿದ್ದರು. ಈ ಕೋಣೆಯಲ್ಲಿ ಇಪ್ಪತ್ತು ಹುಡುಗರೂ ಉಣ್ಣತೊಡಗಿದರು. ಅವನೂ ಉಂಡ. ಉಣ್ಣುತ್ತಾ ಅಳುತ್ತಿದ್ದ, ಅಳುತ್ತಾ ಮತ್ತೆ ಬಡಿಸಿಕೊಂಡ.

ಊಟವಾದ ಮೇಲೆ ಕೈ ತೊಳೆದು ಬಂದು, ನಾನು ಕೇಳದೆಯೇ, ಅರ್ಜಿ ತಂದು ನನ್ನ ಪಕ್ಕ ಕೂತ. ಕಾರಣ ಎಂದಿರುವಲ್ಲಿ ನಿಧಾನವಾಗಿ, ದುಂಡಗೆ, ನನ್ನ ತಾಯಿ ತೀರಿಕೊಂಡರು ಎಂದು ಇಂಗ್ಲಿಷಿನಲ್ಲಿ ಬರೆದ. ಬರೆದದ್ದನ್ನು ಒಮ್ಮೆ ಓದಿಕೊಂಡ. ಸಹಿ ಹಾಕಿದ. ಕೆಳಗೆ ತಂದೆ, ತಾಯಿ ಅಥವಾ ಪೋಷಕರ ಸಹಿ ಎಂದು ಒಂದು ಗೆರೆ ಇತ್ತು. ಅವನು ಅದರ ಮೇಲೆ ಬೆರಳಿಟ್ಟು ಪೆನ್ನನ್ನು ನನ್ನ ಕೈಗೆ ಕೊಟ್ಟ. ನಾನು ಶಿಫಾರಸಿನ ಜಾಗ ಹುಡುಕುತ್ತಿದ್ದವಳು ಆ ಗೆರೆಯ ಮೇಲೆ ಸಹಿ ಹಾಕಿದೆ.

ಸೋಮವಾರ ಬೆಳಿಗ್ಗೆ ಅರ್ಜಿಯನ್ನು ಆಫೀಸಿಗೆ ಕೊಟ್ಟೆ. ಗುಮಾಸ್ತರು ಅವನ ಸೇರ್ಪಡೆಯ ಫೈಲು ತೆಗೆದು ತಾಳೆ ನೋಡಿದರು. "ಇದು ಆಗಲ್ಲ ಮೇಡಂ" ಎಂದರು. "ಪೋಷಕರ ಜಾಗದಲ್ಲಿ ನೀವು ಸಹಿ ಹಾಕಿದೀರಿ. ಇಲ್ಲಿ ಅವನಿಗೆ ಯಾರೂ ಇಲ್ಲ ಅಂತ ಫೈಲಲ್ಲೇ ಇದೆಯಲ್ಲ."

ಫೈಲು ತಿರುಗಿಸಿ ನನ್ನ ಮುಂದಿಟ್ಟರು. ಬೆಂಗಳೂರಿನಲ್ಲಿರುವ ಪೋಷಕರು ಎಂಬುದರ ಮುಂದೆ 'ಇಲ್ಲ' ಎಂದು ಬರೆದಿತ್ತು. ಅವನ ತಾಯಿ ಫೋನಿನಲ್ಲಿ ಅವನನ್ನು ನನಗೊಪ್ಪಿಸಿದ ದಿನವೇ ತುಂಬಿದ ಫಾರಂ. ಅಕ್ಷರ ನನ್ನದು.

ಅವರ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಆ 'ಇಲ್ಲ'ವನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ನನ್ನ ಹೆಸರು, ಮನೆ ವಿಳಾಸ, ಫೋನ್ ನಂಬರು ಬರೆದು ತಾರೀಕು ಹಾಕಿದೆ. ಗುಮಾಸ್ತರು ನನ್ನ ಮುಖ ನೋಡಿ ಅರ್ಜಿಗೆ ಸೀಲು ಹಾಕಿದರು.